ಐಎಎಸ್, ಕೆಎಎಸ್‌ಗೆ ಕೋಚಿಂಗ್ ಸೇರ್ಬೇಕಾ? ಫೀ ಕಟ್ಟೋಕೆ ಮುಂಚೆ ಗೊತ್ತಿರ್ಬೇಕಾದ್ದು

ಪ್ರತಿ ವರ್ಷ ಯುಪಿಎಸ್‌ಸಿ ರಿಸಲ್ಟ್ ಬಂದ ಮಾರನೇ ದಿನ ಪೇಪರ್ ತುಂಬಾ ನಮ್ಮ ರಾಜ್ಯದಿಂದ ಪಾಸಾದವರ ಫೋಟೋ, ಅಪ್ಪ ಅಮ್ಮ ಸ್ವೀಟ್ ತಿನ್ನಿಸ್ತಿರೋ ಫೋಟೋ, ಅದರ ಪಕ್ಕದಲ್ಲೇ ಕೋಚಿಂಗ್ ಸೆಂಟರ್‌ಗಳ ದೊಡ್ಡ ದೊಡ್ಡ ಜಾಹೀರಾತು. ಡಿಗ್ರಿ ಮುಗಿಸ್ತಿರೋ ಮಕ್ಕಳಿರೋ ಮನೆಗಳಲ್ಲಿ ಅವತ್ತು ಶುರುವಾಗೋ ಮಾತು ಬೇಗ ಮುಗಿಯಲ್ಲ. ಮಗಳನ್ನ ಬೆಂಗಳೂರಿನ ವಿಜಯನಗರಕ್ಕೆ ಕಳಿಸೋದಾ, ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಡೋದಾ, ಸಾಲ ಮಾಡಿ ಡೆಲ್ಲಿಗೇ ಕಳಿಸಿಬಿಡೋದಾ, ಇಲ್ಲಾ ಮನೇಲೇ ಕೂತು ಓದು ಅನ್ನೋದಾ. ಕೇಳಿದ್ರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ, ಪಾಸಾದವರು ಕೋಚಿಂಗ್ ಬೇಡ ಅಂತಾರೆ, ಸೆಂಟರ್‌ನವರು ಇಲ್ಲದಿದ್ರೆ ಆಗೋದೇ ಇಲ್ಲ ಅಂತಾರೆ. ಹಾಗಾಗಿ ಪರೀಕ್ಷೆ ಏನು, ಕೋಚಿಂಗ್‌ನಲ್ಲಿ ಕೊಡೋದೇನು, ಎಲ್ಲಿ ಉಪಯೋಗಕ್ಕೆ ಬರುತ್ತೆ ಎಲ್ಲಿ ಬರಲ್ಲ ಅಂತ ಬುಡದಿಂದ ನೋಡ್ಕೊಂಡು ಹೋಗೋಣ.

## ಮೊದ್ಲು ಪರೀಕ್ಷೆ ಹೇಗಿದೆ ಅಂತ ನೋಡಿ

ಐಎಎಸ್ ಪರೀಕ್ಷೆ ಅಂತ ಬೇರೆ ಇಲ್ಲ. ಯುಪಿಎಸ್‌ಸಿ ನಡೆಸೋ ಸಿವಿಲ್ ಸರ್ವಿಸಸ್ ಪರೀಕ್ಷೆ ಒಂದೇ, ಅದರಲ್ಲೇ ಐಎಎಸ್, ಐಪಿಎಸ್, ಐಎಫ್ಎಸ್ (ವಿದೇಶಾಂಗ ಸೇವೆ), ಐಆರ್‌ಎಸ್ ಎಲ್ಲಾ ಬರುತ್ತೆ, ರ‍್ಯಾಂಕ್ ಮೇಲೆ ಯಾರಿಗೆ ಯಾವ ಸರ್ವಿಸ್ ಅಂತ ತೀರ್ಮಾನ. ಮೂರು ಹಂತ ಇರುತ್ತೆ.

ಮೊದಲನೇದು ಪ್ರಿಲಿಮ್ಸ್. ಒಂದೇ ದಿನ ಎರಡು ಪೇಪರ್, ಎರಡೂ ನಾಲ್ಕು ಉತ್ತರದಲ್ಲಿ ಒಂದನ್ನ ಗುರುತಿಸೋ ಟೈಪು. ಜನರಲ್ ಸ್ಟಡೀಸ್ (ಜಿಎಸ್) ಪೇಪರ್‌ನಲ್ಲಿ 100 ಪ್ರಶ್ನೆ, 200 ಮಾರ್ಕ್ಸ್. ಇನ್ನೊಂದು ಸಿಸ್ಯಾಟ್, ಅಂದ್ರೆ ಗಣಿತ, ತರ್ಕ, ಪ್ಯಾಸೇಜ್ ಓದಿ ಅರ್ಥ ಮಾಡ್ಕೊಳ್ಳೋದು, 80 ಪ್ರಶ್ನೆ, ಅದಕ್ಕೂ 200 ಮಾರ್ಕ್ಸ್. ಸಿಸ್ಯಾಟ್‌ನಲ್ಲಿ 33 ಪರ್ಸೆಂಟ್ ಬಂದ್ರೆ ಸಾಕು, ಅದರ ಮಾರ್ಕ್ಸ್ ಕಟಾಫ್‌ಗೆ ಸೇರಲ್ಲ. ಆದ್ರೆ ಆ 33 ಬರ್ಲಿಲ್ಲ ಅಂದ್ರೆ ಜಿಎಸ್‌ನಲ್ಲಿ ಎಷ್ಟೇ ಚೆನ್ನಾಗಿ ಬರೆದಿದ್ರೂ ಆ ಪೇಪರ್ ಲೆಕ್ಕಕ್ಕೇ ಬರಲ್ಲ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಮಾರ್ಕ್ಸ್‌ನಲ್ಲಿ ಮೂರನೇ ಒಂದು ಭಾಗ ಕಟ್.

ಎರಡನೇದು ಮೇನ್ಸ್, ಇದು ಪೆನ್ನು ಹಿಡಿದು ಉದ್ದುದ್ದ ಬರೆಯೋದು. ಒಟ್ಟು ಒಂಬತ್ತು ಪೇಪರ್, ಅದರಲ್ಲಿ ಎರಡು ಭಾಷಾ ಪೇಪರ್ ಬರೀ ಪಾಸಾಗೋಕೆ, ಉಳಿದ ಏಳು (ಒಂದು ಪ್ರಬಂಧ, ನಾಲ್ಕು ಜಿಎಸ್, ನಾವೇ ಆರಿಸ್ಕೊಳ್ಳೋ ಒಂದು ಸಬ್ಜೆಕ್ಟ್‌ನ ಎರಡು ಪೇಪರ್, ಅದೇ ಆಪ್ಷನಲ್) ತಲಾ 250ರಂತೆ 1750. ಮೂರನೇದು ಇಂಟರ್‌ವ್ಯೂ, 275. ಒಟ್ಟು 2025ಕ್ಕೆ ರ‍್ಯಾಂಕ್. ಪ್ರಿಲಿಮ್ಸ್ ಮಾರ್ಕ್ಸ್ ಬರೀ ಗೇಟ್ ದಾಟೋಕೆ, ಆಮೇಲೆ ಅದನ್ನ ಯಾರೂ ನೋಡಲ್ಲ.

ಕೆಎಎಸ್ ಅಂತ ನಾವು ಕರೆಯೋದು ಕೆಪಿಎಸ್‌ಸಿಯ ಗೆಜೆಟೆಡ್ ಪ್ರೊಬೇಷನರ್ಸ್ ಪರೀಕ್ಷೆನ. ಎಸಿ, ಡಿವೈಎಸ್‌ಪಿ, ತಹಶೀಲ್ದಾರ್ ಥರದ ಹುದ್ದೆಗಳು ಇದರಲ್ಲಿ. ಇಲ್ಲೂ ಮೂರೇ ಹಂತ, ಆದ್ರೆ ವ್ಯತ್ಯಾಸ ಇದೆ. ಪ್ರಿಲಿಮ್ಸ್‌ನ ಎರಡೂ ಪೇಪರ್ ಮಾರ್ಕ್ಸ್ ಸೇರಿಸಿ 400ಕ್ಕೆ ಲೆಕ್ಕ ಹಾಕ್ತಾರೆ, ಎರಡನೇ ಪೇಪರ್‌ನಲ್ಲಿ ಕರ್ನಾಟಕದ ವಿಷಯ, ವಿಜ್ಞಾನ, ಮೆಂಟಲ್ ಎಬಿಲಿಟಿ ಬರುತ್ತೆ. ಮೇನ್ಸ್‌ನಲ್ಲಿ ಈಗ ಆಪ್ಷನಲ್ ಇಲ್ಲ, ಪ್ರಬಂಧ ಮತ್ತೆ ನಾಲ್ಕು ಜಿಎಸ್ ಸೇರಿ 1250, ಜೊತೆಗೆ ಪಾಸಾಗ್ಲೇಬೇಕಾದ ಕನ್ನಡ, ಇಂಗ್ಲಿಷ್ ಪೇಪರ್. ಇಷ್ಟುದ್ದ ಯಾಕೆ ಹೇಳ್ದೆ ಅಂದ್ರೆ, ಪ್ರಿಲಿಮ್ಸ್‌ಗೆ ಬೇಕಾಗೋ ಸಹಾಯ ಬೇರೆ, ಮೇನ್ಸ್‌ಗೆ ಬೇಕಾಗೋದು ಬೇರೆ, ಎಲ್ಲಾ ಸೇರಿಸಿ ಕೋಚಿಂಗ್ ಅನ್ನೋ ಒಂದೇ ಹೆಸರಲ್ಲಿ ಮಾರ್ತಾರೆ.

## ನಂಬರ್ ನೋಡಿದ್ರೆ ಏನು ತಿಳಿಯುತ್ತೆ

2024ರ ಸಿವಿಲ್ ಸರ್ವಿಸಸ್ ಪರೀಕ್ಷೆಗೆ ಅರ್ಜಿ ಹಾಕಿದವರು 9,92,599 ಜನ. ಪ್ರಿಲಿಮ್ಸ್ ಬರೆದವರು 5,83,213. ಅಂದ್ರೆ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಅರ್ಜಿ ಹಾಕಿ ಹೋಗ್ಲೇ ಇಲ್ಲ. ಮೇನ್ಸ್‌ಗೆ ಆಯ್ಕೆ ಆದವರು 14,627, ಇಂಟರ್‌ವ್ಯೂಗೆ 2,845, ಕೊನೆಗೆ ಲಿಸ್ಟ್‌ನಲ್ಲಿ ಹೆಸರು ಬಂದಿದ್ದು 1,009. ಪರೀಕ್ಷೆ ಬರೆದ ಪ್ರತಿ ಹತ್ತು ಸಾವಿರ ಜನರಲ್ಲಿ ಸುಮಾರು ಹದಿನೇಳು ಜನ.

ಈಗ ಇದನ್ನ ಕೋಚಿಂಗ್ ಕಡೆಯಿಂದ ನೋಡಿ. ಹುದ್ದೆ ಎಷ್ಟು ಅಂತ ಸರ್ಕಾರ ಮೊದಲೇ ನಿಗದಿ ಮಾಡಿರುತ್ತೆ, ದೇಶದಲ್ಲಿ ಇರೋರೆಲ್ಲಾ ಕೋಚಿಂಗ್ ಸೇರಿದ್ರೂ ಆ ಸಾವಿರ ಚಿಲ್ಲರೆ ಸೀಟು ಒಂದೂ ಹೆಚ್ಚಾಗಲ್ಲ. ಹಾಗಾಗಿ ಯಾವುದೇ ಸೆಂಟರ್ ಆಗ್ಲಿ ಅಲ್ಲಿ ಸೇರಿದವರಲ್ಲಿ ಬಹುಪಾಲು ಜನ ಪಾಸಾಗಲ್ಲ, ಅದು ಸೆಂಟರ್ ಕೆಟ್ಟದು ಅಂತಲ್ಲ, ಲೆಕ್ಕವೇ ಹಾಗಿದೆ. "ನಮ್ಮಲ್ಲಿ ಓದಿದ 40 ಜನ ಪಾಸಾದ್ರು" ಅಂದ್ರೆ ತಕ್ಷಣ ಕೇಳ್ಬೇಕಾದ ಪ್ರಶ್ನೆ, ಎಷ್ಟು ಜನ ಸೇರಿದ್ದವರಲ್ಲಿ 40? ಆ ಸೇರಿದವರ ನಂಬರ್ ಬ್ಯಾನರ್ ಮೇಲೆ ಹಾಕಿರೋದನ್ನ ನೀವು ನೋಡಿರೋದು ಕಷ್ಟ.

ಪಾಸಾದವರಲ್ಲಿ ಹೆಚ್ಚಿನವರು ಯಾವುದೋ ಒಂದು ರೀತಿಯ ಕೋಚಿಂಗ್ ತಗೊಂಡಿರ್ತಾರೆ ಅನ್ನೋದೂ ನಿಜವೇ, ಅದು ಟೆಸ್ಟ್ ಸೀರೀಸ್ (ಒಂದಾದ್ಮೇಲೊಂದು ಬರೆಸೋ ಅಭ್ಯಾಸ ಪರೀಕ್ಷೆಗಳು) ಇರಬಹುದು, ಆಪ್ಷನಲ್ ಕ್ಲಾಸ್ ಇರಬಹುದು. ಆದ್ರೆ ಫೇಲಾದವರೂ ತಗೊಂಡಿರ್ತಾರಲ್ವಾ. ಹಾಗಾಗಿ ಇದರಿಂದ ಕೋಚಿಂಗ್ ಕಾರಣಕ್ಕೇ ಪಾಸಾದ್ರು ಅಂತಾನೂ ಹೇಳಕ್ಕಾಗಲ್ಲ, ಅದು ದಂಡ ಅಂತಾನೂ ಹೇಳಕ್ಕಾಗಲ್ಲ.

## ಕೋಚಿಂಗ್ ಅನ್ನೋ ಪ್ಯಾಕೇಜ್ ಒಳಗೆ ಏನಿರುತ್ತೆ

ಮದುವೆ ಊಟ ಮಾಡಿಸೋದನ್ನ ಯೋಚನೆ ಮಾಡಿ. ಎಲೆಗಿಷ್ಟು ಅಂತ ಪೂರ್ತಿ ಕಾಂಟ್ರಾಕ್ಟ್ ಕೊಡಬಹುದು, ದಿನಸಿಯಿಂದ ಬಡಿಸೋವರೆಗೂ ಅವರೇ ನೋಡ್ಕೊಳ್ತಾರೆ. ಇಲ್ಲಾ ದಿನಸಿ ನಾವೇ ತಂದು, ಬಡಿಸೋಕೆ ಮನೆ ಹುಡುಗರನ್ನ ಇಟ್ಕೊಂಡು, ಅಡುಗೆ ಭಟ್ಟರನ್ನ ಮಾತ್ರ ಕರೆಸಬಹುದು. ಕೋಚಿಂಗ್‌ನಲ್ಲೂ ಪೂರ್ತಿ ಕಾಂಟ್ರಾಕ್ಟ್ ಇದೆ, ಅದಕ್ಕೆ ಫೌಂಡೇಶನ್ ಕೋರ್ಸ್ ಅಥವಾ ಪ್ರಿಲಿಮ್ಸ್ ಕಮ್ ಮೇನ್ಸ್ ಅಂತಾರೆ, ಹತ್ತು ಹನ್ನೆರಡು ತಿಂಗಳು ಎಲ್ಲಾ ಸಬ್ಜೆಕ್ಟ್ ಪಾಠ. ಬಿಡಿಬಿಡಿಯಾಗಿಯೂ ಸಿಗುತ್ತೆ. ಜನ ಇದನ್ನ ಬಿಡಿಸಿ ನೋಡದೇ ಇರೋದ್ರಿಂದಲೇ ಗೊಂದಲ.

ಬಿಡಿಸಿದ್ರೆ ಹೀಗಿದೆ. ಪಾಠ, ಅಂದ್ರೆ ಇತಿಹಾಸ, ಸಂವಿಧಾನ, ಅರ್ಥಶಾಸ್ತ್ರ, ಭೂಗೋಳ ಹೇಳಿಕೊಡೋದು. ಟೈಮ್‌ಟೇಬಲ್, ಅಂದ್ರೆ ಯಾವಾಗ ಏನು ಓದಿ ಮುಗಿಸ್ಬೇಕು ಅಂತ ಇನ್ಯಾರೋ ನಿರ್ಧಾರ ಮಾಡಿ ನಿಮ್ಮನ್ನ ಎಳ್ಕೊಂಡು ಹೋಗೋದು. ನೋಟ್ಸ್ ಮತ್ತೆ ಪ್ರತಿ ತಿಂಗಳ ಪ್ರಚಲಿತ ವಿದ್ಯಮಾನದ ಮ್ಯಾಗಜೀನ್. ಟೆಸ್ಟ್ ಸೀರೀಸ್. ಬರೆದ ಉತ್ತರ ತಿದ್ದಿಕೊಡೋದು. ಆಪ್ಷನಲ್ ಸಬ್ಜೆಕ್ಟ್. ಕೊನೇಲಿ ಮಾಕ್ ಇಂಟರ್‌ವ್ಯೂ. ಇನ್ನೊಂದು ಬಿಲ್‌ನಲ್ಲಿ ಬರೆಯದೇ ಇರೋದು, ಜೊತೆಗೆ ಓದೋ ನಾಲ್ಕು ಜನ.

ಇದರಲ್ಲಿ ಪಾಠ ಅನ್ನೋದು ಹತ್ತು ಹದಿನೈದು ವರ್ಷದ ಹಿಂದೆ ನಿಜಕ್ಕೂ ಸಿಗದೇ ಇರೋ ವಸ್ತು, ಈಗ ಅಷ್ಟೇನಿಲ್ಲ. ಎನ್‌ಸಿಇಆರ್‌ಟಿ ಪುಸ್ತಕಗಳು ವೆಬ್‌ಸೈಟ್‌ನಲ್ಲಿ ಫ್ರೀ, ನಮ್ಮ ರಾಜ್ಯದ ಪಠ್ಯಪುಸ್ತಕಗಳೂ ಕನ್ನಡದಲ್ಲಿ ಫ್ರೀ ಪಿಡಿಎಫ್ ಇದೆ, ಯೂಟ್ಯೂಬ್‌ನಲ್ಲಿ ಒಂದೊಂದು ಚಾಪ್ಟರ್‌ಗೆ ಹತ್ತು ವಿಡಿಯೋ ಇದೆ. ಸಬ್ಜೆಕ್ಟ್‌ಗೊಂದು ಸ್ಟ್ಯಾಂಡರ್ಡ್ ಪುಸ್ತಕ ಅಂತ ಎಲ್ಲರಿಗೂ ಗೊತ್ತಿದೆ, ಅವೆಲ್ಲಾ ಸೇರಿಸಿದ್ರೂ ಫೌಂಡೇಶನ್ ಕೋರ್ಸ್ ಫೀಯ ಹತ್ತನೇ ಒಂದು ಭಾಗ ಆಗಲ್ಲ.

ಕಷ್ಟ ಇರೋದು ಬರವಣಿಗೆ ತಿದ್ದೋದರಲ್ಲಿ. ಮೇನ್ಸ್ ಜಿಎಸ್ ಪೇಪರ್‌ನಲ್ಲಿ ಮೂರು ಗಂಟೇಲಿ 20 ಪ್ರಶ್ನೆ, ಹತ್ತು ಪ್ರಶ್ನೆಗೆ 150 ಪದ, ಇನ್ನು ಹತ್ತಕ್ಕೆ 250 ಪದ. ಒಂದಕ್ಕೆ ಸರಾಸರಿ ಒಂಬತ್ತು ನಿಮಿಷ, ಅದರಲ್ಲೇ ಯೋಚನೆ ಮಾಡೋದೂ ಸೇರಿ. ಇದನ್ನ ಮನೇಲಿ ಒಬ್ಬರೇ ಕೂತು ಬರೆದು ತಾವೇ ಮಾರ್ಕ್ಸ್ ಹಾಕ್ಕೊಂಡ್ರೆ ಎಲ್ಲಾ ಚೆನ್ನಾಗೇ ಕಾಣುತ್ತೆ. ಇಲ್ಲಿ ಇನ್ನೊಬ್ಬರ ಕಣ್ಣು ಬೇಕು. ಆದ್ರೆ ಆ ಕಣ್ಣು ಎಂಥದ್ದು ಅಂತಾನೂ ನೋಡ್ಬೇಕು, ತಿದ್ದಿದ ಕಾಪಿ ಎರಡು ಥರ ಇರುತ್ತೆ. ಒಂದು ಕಾಪಿಲಿ ಕೆಂಪು ಇಂಕಲ್ಲಿ "ಗುಡ್ ಅಟೆಂಪ್ಟ್, ಇನ್ನಷ್ಟು ಪಾಯಿಂಟ್ಸ್ ಸೇರಿಸಿ, 4/10" ಅಂತ ಬರೆದು ಪ್ರತಿ ಪುಟಕ್ಕೂ ಒಂದು ರೈಟ್ ಮಾರ್ಕ್, ಅದು ಯಾವ ಉತ್ತರದ ಕೆಳಗೆ ಬರೆದ್ರೂ ಒಪ್ಪುತ್ತೆ. ಇನ್ನೊಂದರಲ್ಲಿ "ಪ್ರಶ್ನೆ ಕೇಳಿರೋದು ಗ್ರಾಮ ಪಂಚಾಯ್ತಿಗಳಿಗೆ ಸ್ವಂತ ಆದಾಯ ಯಾಕೆ ಕಡಿಮೆ ಅಂತ, ನೀವು ಅರ್ಧ ಪುಟ 73ನೇ ತಿದ್ದುಪಡಿ ಇತಿಹಾಸ ಬರೆದಿದೀರಿ, ಆಸ್ತಿ ತೆರಿಗೆ ವಸೂಲಿ ಬಗ್ಗೆ ಒಂದು ಸಾಲೂ ಇಲ್ಲ" ಅಂತ ಇರುತ್ತೆ. ದುಡ್ಡು ಕೊಡ್ಬೇಕಾಗಿರೋದು ಎರಡನೇ ಥರದ ಕಾಪಿಗೆ. ಸೇರೋಕೆ ಮುಂಚೆ ಹಳೇ ಬ್ಯಾಚಿನವರ ಹತ್ರ ಹೋಗಿ ಅವರ ತಿದ್ದಿದ ಕಾಪಿ ಒಂದು ಕೇಳಿ ನೋಡಿ, ಬ್ರೋಶರ್ ಓದೋದಕ್ಕಿಂತ ಅದೊಂದು ಸಾಕು.

ಟೈಮ್‌ಟೇಬಲ್ ವಿಷಯಾನೂ ಹಗುರವಾಗಿ ತಗೋಬೇಡಿ. ಮನೇಲಿ ಓದ್ತೀನಿ ಅಂತ ಕೂತು, ಮದುವೆ ಮುಂಜಿ ನೆಂಟರು ಹೊಲದ ಕೆಲಸ ಎಲ್ಲಾ ಮಧ್ಯೆ ಬಂದು ಆರು ತಿಂಗಳಾದ್ರೂ ಪ್ರಾಚೀನ ಭಾರತ ದಾಟದೇ ಇರೋರು ಬೇಕಾದಷ್ಟು ಜನ ಇದಾರೆ. ಅಂಥವರಿಗೆ ಕ್ಲಾಸ್ ಅಂದ್ರೆ ಪಾಠಕ್ಕಿಂತ ಹೆಚ್ಚಾಗಿ ಬೆಳಿಗ್ಗೆ ಎದ್ದು ಹೋಗೋಕೆ ಒಂದು ಕಾರಣ. ಆದ್ರೆ ಅದೇ ಕೆಲಸ ತಿಂಗಳಿಗೆ ಕಡಿಮೆ ದುಡ್ಡಲ್ಲಿ ಒಂದು ರೀಡಿಂಗ್ ರೂಮ್ ಸೀಟು ಮತ್ತೆ ಜೊತೆಗೆ ಇಬ್ಬರು ಸೀರಿಯಸ್ಸಾಗಿ ಓದೋ ಫ್ರೆಂಡ್ಸ್ ಇದ್ರೂ ಆಗುತ್ತೆ.

## ಸಿಸ್ಯಾಟ್ ಅನ್ನೋ ಸದ್ದಿಲ್ಲದ ಹಳ್ಳ

ಸಿಸ್ಯಾಟ್ 2011ರಲ್ಲಿ ಬಂತು, ಮೊದಲು ಅದರ ಮಾರ್ಕ್ಸ್ ಸೇರ್ತಿತ್ತು, 2015ರಿಂದ ಬರೀ ಪಾಸಾದ್ರೆ ಸಾಕು ಅಂತಾಯ್ತು. ಆಮೇಲೆ ಎಲ್ಲರೂ ಅದನ್ನ ಮರೆತ್ರು. 33 ಪರ್ಸೆಂಟ್ ಅಂದ್ರೆ ತಪ್ಪಿಲ್ಲದೆ 27 ಪ್ರಶ್ನೆ ಸರಿ ಮಾಡಿದ್ರೆ ದಾಟಬಹುದು, ಕೇಳೋಕೆ ಸುಲಭ, ಆದ್ರೆ ಒಂದೊಂದು ತಪ್ಪಿಗೂ ಸುಮಾರು 0.83 ಕಟ್ ಆಗ್ತಾ ಹೋಗುತ್ತಲ್ಲ, ಅಲ್ಲಿ ಸಿಕ್ಕಿಹಾಕ್ಕೊಳ್ತಾರೆ. ಇಂಜಿನಿಯರಿಂಗ್ ಮಾಡಿದವರಿಗೆ ಇದಕ್ಕೆ ಕ್ಲಾಸ್ ಬೇಕಾಗೋದು ಕಡಿಮೆ. ಹತ್ತನೇ ಕ್ಲಾಸ್ ಆದ್ಮೇಲೆ ಗಣಿತ ಮುಟ್ಟದೇ ಇರೋ ಬಿಎ ಹುಡುಗ ಹುಡುಗಿಯರಿಗೆ ಮಾತ್ರ ಜಿಎಸ್ ಕ್ಲಾಸ್‌ಗಿಂತ ಸಿಸ್ಯಾಟ್ ಕ್ಲಾಸೇ ಹೆಚ್ಚು ಉಪಯೋಗ ಆಗಬಹುದು, ಆದ್ರೆ ಅವರು ಸೇರೋದು ಜಿಎಸ್ ಕ್ಲಾಸ್‌ಗೆ. ಹಳೇ ಎರಡು ಸಿಸ್ಯಾಟ್ ಪೇಪರ್ ತಗೊಂಡು ಎರಡು ಗಂಟೆ ಟೈಮ್ ಇಟ್ಕೊಂಡು ಬರೆದು ನೋಡಿದ್ರೆ ನಿಮಗೆ ಬೇಕಾ ಬೇಡ್ವಾ ಅಂತ ಅವತ್ತೇ ಗೊತ್ತಾಗುತ್ತೆ.

## ಡೆಲ್ಲಿ, ಬೆಂಗಳೂರು, ಧಾರವಾಡ, ಮನೆ

ಡೆಲ್ಲಿಯಲ್ಲಿ ಓಲ್ಡ್ ರಾಜಿಂದರ್ ನಗರ, ಕರೋಲ್ ಬಾಗ್, ಮುಖರ್ಜಿ ನಗರ ಇವು ಯುಪಿಎಸ್‌ಸಿ ಓದೋರ ಊರುಗಳೇ ಆಗಿಬಿಟ್ಟಿವೆ. ಫೌಂಡೇಶನ್ ಕೋರ್ಸ್ ಫೀ ಅಲ್ಲಿ ಸಾಮಾನ್ಯವಾಗಿ ಲಕ್ಷ ದಾಟಿರುತ್ತೆ, ಅದರ ಜೊತೆ 18 ಪರ್ಸೆಂಟ್ ಜಿಎಸ್‌ಟಿ. ಆಮೇಲೆ ರೂಮ್ ಬಾಡಿಗೆ, ಊಟ, ಲೈಬ್ರರಿ ಸೀಟು. ಮನೇಲಿ ಲೆಕ್ಕ ಹಾಕುವಾಗ ಫೀ ಮಾತ್ರ ಹಿಡೀತಾರೆ, ಎರಡು ವರ್ಷ ಇದ್ರೆ ಊಟ ಬಾಡಿಗೆ ಖರ್ಚೇ ಫೀಗಿಂತ ಮೇಲೆ ಹೋಗುತ್ತೆ ಅನ್ನೋದು ಆಮೇಲೆ ಗೊತ್ತಾಗೋದು. 2024ರ ಜುಲೈ 27ಕ್ಕೆ ಓಲ್ಡ್ ರಾಜಿಂದರ್ ನಗರದ ಒಂದು ಕೋಚಿಂಗ್ ಸೆಂಟರ್ ಬೇಸ್‌ಮೆಂಟ್‌ನಲ್ಲಿದ್ದ ಲೈಬ್ರರಿಗೆ ಮಳೆ ನೀರು ನುಗ್ಗಿ ಮೂವರು ಸ್ಟೂಡೆಂಟ್ಸ್ ಸತ್ತುಹೋದ್ರು, ಅದಾದ್ಮೇಲೆ ಅಲ್ಲಿನ ಎಷ್ಟೋ ಬೇಸ್‌ಮೆಂಟ್‌ಗಳಿಗೆ ಬೀಗ ಹಾಕಿದ್ರು. ಊರು ಯಾವುದೇ ಇರಲಿ, ಓದೋಕೆ ಕೂರೋ ಜಾಗಕ್ಕೆ ಎರಡನೇ ಬಾಗಿಲು ಇದ್ಯಾ ಅಂತ ಅಪ್ಪ ಅಮ್ಮ ಹೋಗಿ ನೋಡ್ಕೊಂಡು ಬರೋದು ಅತಿಯಾದ ಭಯ ಏನಲ್ಲ.

ಬೆಂಗಳೂರಲ್ಲಿ ವಿಜಯನಗರ, ಚಂದ್ರಾ ಲೇಔಟ್, ಅತ್ತಿಗುಪ್ಪೆ ಸುತ್ತಮುತ್ತ ಕೋಚಿಂಗ್, ಪಿಜಿ, ಜೆರಾಕ್ಸ್ ಅಂಗಡಿ, ರೀಡಿಂಗ್ ರೂಮ್ ಎಲ್ಲಾ ಒಂದೇ ಕಡೆ. ಧಾರವಾಡದಲ್ಲಿ ಕನ್ನಡ ಮೀಡಿಯಂನವರೇ ಹೆಚ್ಚು, ಕೆಎಎಸ್ ಜೊತೆಗೆ ಪಿಎಸ್ಐ, ಎಫ್‌ಡಿಎ, ಪಿಡಿಒ ಹೀಗೆ ಎಲ್ಲದಕ್ಕೂ ಒಟ್ಟಿಗೆ ಓದ್ತಾರೆ, ಖರ್ಚೂ ಕಡಿಮೆ. ಯುಪಿಎಸ್‌ಸಿ ಒಂದೇ ಗುರಿ ಇರೋರಿಗೂ, ಯಾವುದಾದ್ರೂ ಒಂದು ಸರ್ಕಾರಿ ಕೆಲಸ ಮೊದ್ಲು ಹಿಡ್ಕೊಂಡು ಆಮೇಲೆ ಮುಂದಿನದು ಅನ್ನೋರಿಗೂ ಒಂದೇ ಊರು ಸರಿ ಹೋಗಲ್ಲ.

ಆನ್‌ಲೈನ್ ಬಂದ್ಮೇಲೆ ಡೆಲ್ಲಿಗೆ ಹೋಗಲೇಬೇಕು ಅನ್ನೋ ಮಾತಿಗೆ ಮೊದಲಿನ ತೂಕ ಇಲ್ಲ. ಅಲ್ಲಿನ ಮೇಷ್ಟ್ರುಗಳ ಕ್ಲಾಸೇ ಕಡಿಮೆ ಫೀಗೆ ಫೋನಲ್ಲಿ ಸಿಗುತ್ತೆ, ಟೆಸ್ಟ್ ಪೇಪರ್ ಬರೆದು ಸ್ಕ್ಯಾನ್ ಮಾಡಿ ಕಳಿಸಿದ್ರೆ ತಿದ್ದಿ ವಾಪಸ್ ಬರುತ್ತೆ. ಕೆಲಸ ಮಾಡ್ಕೊಂಡೇ ಓದೋರಿಗೆ ಇದು ಬಿಟ್ರೆ ಇಲ್ಲ. ತೊಂದರೆ ಏನಂದ್ರೆ ರೆಕಾರ್ಡೆಡ್ ಕ್ಲಾಸ್ ನಾಳೆ ನೋಡೋಣ ಅಂತ ಬಿಟ್ರೆ ಇನ್ನೂರು ಗಂಟೆ ಬಾಕಿ ಬಿದ್ದಿರುತ್ತೆ, ಆಮೇಲೆ ಎರಡರ ಸ್ಪೀಡಲ್ಲಿ ಓಡಿಸಿ ನೋಡಿದ್ದು ನೋಡಿದ ಹಾಗೂ ಅಲ್ಲ.

## ಕನ್ನಡ ಮೀಡಿಯಂನವರ ಲೆಕ್ಕವೇ ಬೇರೆ

ಯುಪಿಎಸ್‌ಸಿ ಪ್ರಿಲಿಮ್ಸ್ ಪ್ರಶ್ನೆಪತ್ರಿಕೆ ಬರೋದು ಇಂಗ್ಲಿಷ್ ಮತ್ತೆ ಹಿಂದಿಲಿ ಮಾತ್ರ. ಮೇನ್ಸ್ ಕನ್ನಡದಲ್ಲಿ ಬರೀಬಹುದು, ಇಂಟರ್‌ವ್ಯೂನೂ ಕನ್ನಡದಲ್ಲಿ ಕೊಡಬಹುದು, ಕನ್ನಡ ಸಾಹಿತ್ಯನ ಆಪ್ಷನಲ್ ಆಗಿ ತಗೋಬಹುದು. ಆದ್ರೆ ಮೊದಲ ಗೇಟ್ ಇಂಗ್ಲಿಷ್ ಓದಿ ಅರ್ಥ ಮಾಡ್ಕೊಂಡೇ ದಾಟಬೇಕು, ಅದೂ ಸುತ್ತಿ ಬಳಸಿ ಕೇಳೋ ಇಂಗ್ಲಿಷು. ಹಾಗಾಗಿ ಕನ್ನಡ ಮೀಡಿಯಂನಿಂದ ಬಂದವರು ಕೋಚಿಂಗ್ ಬಗ್ಗೆ ಯೋಚಿಸೋಕೆ ಮುಂಚೆ ಒಂದು ಇಂಗ್ಲಿಷ್ ಪೇಪರ್‌ನ ಎಡಿಟೋರಿಯಲ್ ದಿನಾ ಓದಿ ಅರ್ಥ ಆಗ್ತಿದ್ಯಾ ನೋಡ್ಕೊಳ್ಳೋದು ಒಳ್ಳೇದು, ಆಗ್ತಿಲ್ಲ ಅಂದ್ರೆ ಮೊದಲ ಆರು ತಿಂಗಳ ಕೆಲಸ ಅದೇ.

ಇನ್ನೊಂದು, ಡೆಲ್ಲಿ ಕೋಚಿಂಗ್‌ಗಳು ನಡೆಯೋದು ಇಂಗ್ಲಿಷ್ ಹಿಂದಿಲಿ. ಅಲ್ಲಿ ಕೇಳಿದ ಪಾಠನ ತಾವೇ ಕನ್ನಡಕ್ಕೆ ತಂದ್ಕೊಂಡು ಮೇನ್ಸ್ ಬರೀಬೇಕು, ಆ ಕನ್ನಡ ಉತ್ತರ ತಿದ್ದೋಕೆ ಅಲ್ಲಿ ಯಾರೂ ಇರಲ್ಲ. ಕನ್ನಡ ಸಾಹಿತ್ಯ ಆಪ್ಷನಲ್ ತಗೊಂಡವರಿಗೆ ಹಳಗನ್ನಡ ಕಾವ್ಯ ಓದಿಸೋರು ಬೇಕು, ಅದಕ್ಕೆ ಡೆಲ್ಲಿಗಿಂತ ನಿಮ್ಮೂರಿನ ಡಿಗ್ರಿ ಕಾಲೇಜಿನ ಕನ್ನಡ ಮೇಷ್ಟ್ರೇ ವಾಸಿ, ಕೇಳಿದ್ರೆ ಖುಷಿಯಿಂದ ಹೇಳಿಕೊಡೋರು ಎಷ್ಟೋ ಜನ ಇದಾರೆ.

ಕೆಎಎಸ್‌ನಲ್ಲಿ ಪ್ರಶ್ನೆ ಕನ್ನಡದಲ್ಲೂ ಬರುತ್ತೆ, ಬಂದ್ರೂ ನೆಮ್ಮದಿ ಇಲ್ಲ. 2024ರ ಆಗಸ್ಟ್ 27ಕ್ಕೆ ನಡೆದ 384 ಹುದ್ದೆಗಳ ಪ್ರಿಲಿಮ್ಸ್‌ನಲ್ಲಿ ಕನ್ನಡ ಅನುವಾದ ಅಷ್ಟು ಕೆಟ್ಟದಾಗಿತ್ತು ಅಂತ ಗಲಾಟೆಯಾಗಿ ಡಿಸೆಂಬರ್ 29ಕ್ಕೆ ಮತ್ತೆ ಪರೀಕ್ಷೆ ಮಾಡಿದ್ರು, ಆ ಮರುಪರೀಕ್ಷೆಯ ಅನುವಾದದ ಬಗ್ಗೆಯೂ ದೂರು ಬಂತು. ಕನ್ನಡ ಮೀಡಿಯಂನಲ್ಲಿ ಬರೆಯೋರೂ ಪಾರಿಭಾಷಿಕ ಪದಗಳ ಇಂಗ್ಲಿಷ್ ರೂಪ ಗೊತ್ತಿಟ್ಕೊಂಡಿರ್ಬೇಕು ಅಂತ ಮೇಷ್ಟ್ರುಗಳು ಹೇಳೋದು ಇದಕ್ಕೇ.

ಕೆಎಎಸ್‌ಗೆ ಕೋಚಿಂಗ್ ಸೇರೋರು ಇನ್ನೊಂದು ವಿಷಯ ಗಮನಿಸ್ಬೇಕು. ಯುಪಿಎಸ್‌ಸಿ ವರ್ಷದ ಕ್ಯಾಲೆಂಡರ್ ಮೊದಲೇ ಹೊರಡಿಸುತ್ತೆ, ಪ್ರತಿ ವರ್ಷ ಪರೀಕ್ಷೆ ನಡೆಯುತ್ತೆ. ಕೆಪಿಎಸ್‌ಸಿಯಲ್ಲಿ ಆ ನಂಬಿಕೆ ಇಟ್ಕೊಳ್ಳೋ ಹಾಗಿಲ್ಲ. 2020ರಲ್ಲಿ 106 ಹುದ್ದೆಗೆ ಅರ್ಜಿ ಕರೆದಿದ್ದು, ಅದಾದ್ಮೇಲೆ ಕರೆದಿದ್ದು 2024ರಲ್ಲೇ. "ನೋಟಿಫಿಕೇಶನ್ ಇನ್ನೇನು ಬಂತು" ಅಂತ ಹೇಳಿ ಬ್ಯಾಚ್ ತುಂಬಿಸ್ತಾರೆ, ಕೋರ್ಸ್ ಮುಗಿದ್ರೂ ಅದು ಬಂದಿರಲ್ಲ, ಬರೋ ಹೊತ್ತಿಗೆ ಓದಿದ್ದು ಅರ್ಧ ಮರೆತಿರುತ್ತೆ.

## ಒಂದೇ ಮುಖ ಐದು ಬ್ಯಾನರ್‌ನಲ್ಲಿ ಹೇಗೆ ಬರುತ್ತೆ

ಇದು ಸುಮಾರು ಜನರಿಗೆ ಅರ್ಥ ಆಗದೇ ಇರೋ ವಿಷಯ. ಮೇನ್ಸ್ ಪಾಸಾದವರು ಇಂಟರ್‌ವ್ಯೂಗೆ ಮುಂಚೆ ಅಭ್ಯಾಸಕ್ಕೆ ಅಂತ ಬೇರೆ ಬೇರೆ ಸೆಂಟರ್‌ಗಳಿಗೆ ಹೋಗಿ ಮಾಕ್ ಇಂಟರ್‌ವ್ಯೂ ಕೊಡ್ತಾರೆ. ಹೆಚ್ಚಿನ ಕಡೆ ಅದು ಫ್ರೀ, ಮುಕ್ಕಾಲು ಗಂಟೆ ಕೂರಿಸಿ ನಾಲ್ಕು ಜನ ರಿಟೈರ್ಡ್ ಆಫೀಸರ್‌ಗಳು ಪ್ರಶ್ನೆ ಕೇಳ್ತಾರೆ. ಹೋಗುವಾಗ ಫಾರ್ಮ್ ತುಂಬಿ ಫೋಟೋ ಕೊಡ್ಬೇಕು. ರಿಸಲ್ಟ್ ಬಂದ ದಿನ ಅವರಿಗೆ ರ‍್ಯಾಂಕ್ ಬಂದಿದ್ರೆ ಆ ಐದೂ ಸೆಂಟರ್‌ನವರು ಫೋಟೋ ಹಾಕ್ತಾರೆ. ಸುಳ್ಳು ಅನ್ನೋ ಹಾಗೂ ಇಲ್ಲ, ಅವರು ಬಂದಿದ್ದು ನಿಜ. ಆದ್ರೆ ಬ್ಯಾನರ್ ನೋಡೋ ಅಪ್ಪ ಅಂದ್ಕೊಳ್ಳೋದು, ಈ ಎರಡು ಲಕ್ಷದ ಕೋರ್ಸ್ ಮಾಡಿ ಇವರಿಗೆ ರ‍್ಯಾಂಕ್ ಬಂತು ಅಂತ.

ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇದನ್ನೇ ಹಿಡಿದು ಹಲವು ಕೋಚಿಂಗ್ ಸಂಸ್ಥೆಗಳಿಗೆ ಲಕ್ಷಗಟ್ಟಲೆ ದಂಡ ಹಾಕಿದೆ. 2024ರ ನವೆಂಬರ್‌ನಲ್ಲಿ ಕೋಚಿಂಗ್ ಜಾಹೀರಾತಿಗೇ ಅಂತ ಮಾರ್ಗಸೂಚಿನೂ ತಂತು. ಅದರ ಪ್ರಕಾರ ಪಾಸಾದವರ ಫೋಟೋ ಹಾಕ್ಬೇಕಾದ್ರೆ ರಿಸಲ್ಟ್ ಬಂದ್ಮೇಲೆ ಅವರ ಲಿಖಿತ ಒಪ್ಪಿಗೆ ತಗೋಬೇಕು, ಅವರು ಯಾವ ಕೋರ್ಸ್ ತಗೊಂಡಿದ್ರು, ಎಷ್ಟು ದಿನ, ಅದಕ್ಕೆ ದುಡ್ಡು ಕೊಟ್ಟಿದ್ರಾ ಅಂತ ಜಾಹೀರಾತಲ್ಲೇ ಹಾಕ್ಬೇಕು, ಅದೂ ಫೋಟೋ ಪಕ್ಕದಲ್ಲಿ ಓದೋಕಾಗೋ ಅಕ್ಷರದಲ್ಲಿ. ನಿಮ್ಮೂರಿನ ಸರ್ಕಲ್‌ನಲ್ಲಿ ಹಾಕಿರೋ ಫ್ಲೆಕ್ಸ್‌ನಲ್ಲಿ ಆ ವಿವರ ಇದ್ಯಾ ಅಂತ ಒಂದ್ಸಲ ತಲೆ ಎತ್ತಿ ನೋಡಿ.

## ಸರ್ಕಾರದ ಫ್ರೀ ಕೋಚಿಂಗೂ ಇದೆ

ಎಷ್ಟೋ ಜನ ಅರ್ಹತೆ ಇದ್ದೂ ಅರ್ಜಿ ಹಾಕಲ್ಲ. ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ, ಅಲ್ಪಸಂಖ್ಯಾತರ ಇಲಾಖೆ ಇವೆಲ್ಲಾ ಯುಪಿಎಸ್‌ಸಿ, ಕೆಎಎಸ್‌ಗೆ ಪರೀಕ್ಷಾ ಪೂರ್ವ ತರಬೇತಿ ಕೊಡಿಸ್ತವೆ. ಆದಾಯ ಮಿತಿ ಇರುತ್ತೆ, ಆಯ್ಕೆಗೆ ಪ್ರವೇಶ ಪರೀಕ್ಷೆ ಇರುತ್ತೆ, ಆಯ್ಕೆ ಆದ್ರೆ ಫೀ ಸರ್ಕಾರವೇ ಕಟ್ಟುತ್ತೆ, ತಿಂಗಳಿಗೆ ಸ್ಟೈಫಂಡ್ ಕೊಡೋ ಯೋಜನೆಗಳೂ ಇವೆ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲೂ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರ ಇದೆ. ಅರ್ಜಿ ಕರೆಯೋದು ಯಾವಾಗ ಅಂತ ಸರಿಯಾಗಿ ಗೊತ್ತಾಗಲ್ಲ ಅನ್ನೋದು ಇದರ ದೊಡ್ಡ ತಲೆನೋವು, ಇಲಾಖೆಗಳ ವೆಬ್‌ಸೈಟ್ ಆಗಾಗ ನೋಡ್ತಾನೇ ಇರ್ಬೇಕು, ತಾಲೂಕು ಆಫೀಸಲ್ಲಿ ಗೊತ್ತಿರೋರು ಒಬ್ಬರಿದ್ರೆ ಇನ್ನೂ ಒಳ್ಳೇದು.

## ಹಾಗಾದ್ರೆ ಯಾರು ಸೇರ್ಬೇಕು

ಸೇರೋದೋ ಬೇಡ್ವೋ ಅನ್ನೋದನ್ನ ಓದೋಕೆ ಶುರು ಮಾಡೋ ಮುಂಚೆ ತೀರ್ಮಾನ ಮಾಡೋದೇ ಕಷ್ಟ, ಯಾಕಂದ್ರೆ ನಮಗೆ ಏನು ಬರಲ್ಲ ಅಂತ ನಮಗೇ ಗೊತ್ತಿರಲ್ಲ. ಅದಕ್ಕೆ ಮೊದಲ ಮೂರು ತಿಂಗಳು ದುಡ್ಡು ಖರ್ಚಿಲ್ಲದೆ ಓದಿ ನೋಡಿ ಅಂತ ನಾನಾದ್ರೆ ಹೇಳೋದು. ಸಿಲೆಬಸ್ ಪ್ರಿಂಟ್ ತಗೊಂಡು ಗೋಡೆಗೆ ಅಂಟಿಸಿ, ಯುಪಿಎಸ್‌ಸಿ ವೆಬ್‌ಸೈಟ್‌ನಲ್ಲಿ ಹಳೇ ಪ್ರಶ್ನೆಪತ್ರಿಕೆಗಳೆಲ್ಲಾ ಫ್ರೀಯಾಗಿವೆ, ಐದು ವರ್ಷದ್ದು ಓದಿ, ಆರರಿಂದ ಹನ್ನೆರಡರವರೆಗಿನ ಇತಿಹಾಸ ಭೂಗೋಳ ಪುಸ್ತಕ ಮುಗಿಸಿ, ದಿನಾ ಪೇಪರ್ ಓದಿ. ಮೂರು ತಿಂಗಳಾದ್ಮೇಲೆ ನಿಮ್ಮ ತೊಂದರೆ ಏನು ಅಂತ ಹೆಸರಿಟ್ಟು ಹೇಳೋಕೆ ಬರುತ್ತೆ.

ಓದಿದ್ದೆಲ್ಲಾ ಅರ್ಥ ಆಗಿದೆ, ಆದ್ರೆ ಬರೆಯೋಕೆ ಕೂತ್ರೆ ಕೈ ಓಡ್ತಿಲ್ಲ ಅನ್ನೋರಿಗೆ ಟೆಸ್ಟ್ ಸೀರೀಸ್ ಸಾಕು. ಅರ್ಥಶಾಸ್ತ್ರ ಒಂದು ತಲೆಗೆ ಹತ್ತುತ್ತಿಲ್ಲ ಅನ್ನೋರು ಅದೊಂದು ಸಬ್ಜೆಕ್ಟ್ ಕ್ಲಾಸ್ ತಗೊಳ್ಳಿ. ಆಪ್ಷನಲ್ ಡಿಗ್ರಿಯಲ್ಲಿ ಓದದೇ ಇರೋ ಸಬ್ಜೆಕ್ಟ್ ಆದ್ರೆ ಅದಕ್ಕೆ ಗೈಡೆನ್ಸ್ ಬೇಕೇ ಬೇಕು, 500 ಮಾರ್ಕ್ಸ್ ವಿಷಯ ಅದು. ಮನೇಲಿ ಓದೋ ವಾತಾವರಣವೇ ಇಲ್ಲ, ಓದಿದವರು ಯಾರೂ ಇಲ್ಲ, ಎಲ್ಲಿಂದ ಶುರು ಮಾಡ್ಬೇಕು ಅಂತಾನೇ ತಿಳೀತಿಲ್ಲ, ಮೂರು ತಿಂಗಳಲ್ಲಿ ಮೂರು ವಾರ ಕೂಡ ಕೂರೋಕಾಗ್ಲಿಲ್ಲ, ಅಂಥವರಿಗೆ ಫೌಂಡೇಶನ್ ಕೋರ್ಸ್ ಉಪಯೋಗ ಆಗುತ್ತೆ, ಮನೆಯವರ ಕೈಲಿ ಆಗೋ ದುಡ್ಡಾದ್ರೆ. ಹೊಲ ಅಡ ಇಟ್ಟು, ಚಿನ್ನ ಅಡ ಇಟ್ಟು ಸೇರೋದು ಬೇರೆ ಮಾತು. ಹತ್ತು ಸಾವಿರದಲ್ಲಿ ಹದಿನೇಳು ಅನ್ನೋ ಲೆಕ್ಕ ಆ ಮನೆಗೂ ಅದೇ.

ಪಿಯುಸಿ ಜೊತೆಗೆ, ಡಿಗ್ರಿ ಮೊದಲ ವರ್ಷದಿಂದಲೇ ಮೂರು ವರ್ಷದ ಐಎಎಸ್ ಪ್ಯಾಕೇಜ್ ಅಂತ ಬರ್ತಿದೆ ಈಗ. ಬರೆಯೋಕೆ ಕನಿಷ್ಠ ವಯಸ್ಸೇ 21, ಅಷ್ಟರಲ್ಲಿ ಮಗುವಿನ ಮನಸ್ಸು ಬದಲಾಗಬಹುದು, ಆ ಫೀ ಡಿಗ್ರಿಲಿ ಚೆನ್ನಾಗಿ ಓದೋಕೆ ಖರ್ಚಾದ್ರೆ ಬೇರೆ ದಾರಿಗಳೂ ತೆರೆದಿರ್ತವೆ.

ಅಟೆಂಪ್ಟ್ ಲೆಕ್ಕನೂ ನೆನಪಿರಲಿ. ಜನರಲ್‌ನವರಿಗೆ 32 ವರ್ಷದವರೆಗೆ ಆರು ಸಲ, ಒಬಿಸಿಗೆ 35ರವರೆಗೆ ಒಂಬತ್ತು ಸಲ, ಎಸ್‌ಸಿ ಎಸ್‌ಟಿಗೆ 37ರವರೆಗೆ ಎಷ್ಟು ಸಲ ಬೇಕಾದ್ರೂ. ಪ್ರಿಲಿಮ್ಸ್‌ನ ಒಂದು ಪೇಪರ್ ಬರೆದ್ರೂ ಒಂದು ಅಟೆಂಪ್ಟ್ ಹೋದ ಹಾಗೆ, ಅರ್ಜಿ ಹಾಕಿ ಹೋಗದೇ ಇದ್ರೆ ಲೆಕ್ಕಕ್ಕಿಲ್ಲ. ಹಾಗಾಗಿ "ಸುಮ್ನೆ ಒಂದ್ಸಲ ಬರೆದು ಅನುಭವ ತಗೋ" ಅನ್ನೋ ಮಾತನ್ನ ಎಲ್ಲರೂ ಕೇಳ್ಬೇಕಾಗಿಲ್ಲ, ಆ ಅನುಭವಕ್ಕೆ ಮಾಕ್ ಟೆಸ್ಟ್ ಇದೆ.

## ಸೇರೋದೇ ಅಂತಾದ್ರೆ

ಡೆಮೋ ಕ್ಲಾಸ್‌ಗೆ ಕಳಿಸೋ ಮೇಷ್ಟ್ರೇ ವರ್ಷ ಪೂರ್ತಿ ಬರ್ತಾರಾ ಅಂತ ಕೇಳಿ, ಬಹಳ ಕಡೆ ಬರಲ್ಲ. ಹಾಗಾಗಿ ಡೆಮೋ ಬದಲು ನಡೀತಿರೋ ಬ್ಯಾಚಿನ ಮಧ್ಯದ ಒಂದು ಕ್ಲಾಸ್‌ಗೆ ಕೂರೋಕೆ ಬಿಡ್ತಾರಾ ನೋಡಿ. ಬ್ಯಾಚಲ್ಲಿ ಎಷ್ಟು ಜನ, ವರ್ಷಕ್ಕೆ ಎಷ್ಟು ಉತ್ತರ ತಿದ್ದಿಕೊಡ್ತಾರೆ, ಎಷ್ಟು ದಿನದಲ್ಲಿ ವಾಪಸ್ ಕೊಡ್ತಾರೆ, ತಿದ್ದೋರು ಯಾರು, ಇವಿಷ್ಟನ್ನ ಬಾಯಿ ಮಾತಲ್ಲಿ ಬಿಡದೆ ವಾಟ್ಸಾಪ್‌ನಲ್ಲೋ ಇಮೇಲ್‌ನಲ್ಲೋ ಬರೆಸ್ಕೊಳ್ಳಿ.

"ಇವತ್ತೇ ಕಟ್ಟಿದ್ರೆ 30 ಪರ್ಸೆಂಟ್ ಆಫ್" ಅಂದ್ರೆ ಎದ್ದು ಬನ್ನಿ, ಮುಂದಿನ ವಾರವೂ ಅದೇ ಆಫರ್ ಇರುತ್ತೆ. ಪೂರ್ತಿ ಫೀ ಒಂದೇ ಸಲ ಕಟ್ಟದೆ ಕಂತಲ್ಲಿ ಕಟ್ಟೋಕೆ ಕೇಳಿ. ಕಂತು ಅಂತ ಹೇಳಿ ಫೈನಾನ್ಸ್ ಕಂಪನಿ ಲೋನ್ ಫಾರ್ಮ್‌ಗೆ ಸೈನ್ ಹಾಕಿಸ್ಕೊಳ್ಳೋರೂ ಇದಾರೆ, ಎರಡೂ ಒಂದೇ ಅಲ್ಲ. ಲೋನ್ ಆದ್ರೆ ಸೆಂಟರ್‌ಗೆ ಪೂರ್ತಿ ದುಡ್ಡು ಅವತ್ತೇ ಹೋಗಿರುತ್ತೆ, ನೀವು ಎರಡನೇ ತಿಂಗಳಿಗೆ ಬಿಟ್ಟು ಬಂದ್ರೂ ಇಎಂಐ ಕಟ್ಟುತ್ತಾನೇ ಇರ್ಬೇಕು.

ಮಧ್ಯದಲ್ಲಿ ಬಿಟ್ರೆ ದುಡ್ಡು ವಾಪಸ್ ಬರುತ್ತಾ ಅನ್ನೋದಕ್ಕೆ, ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಲಿ ಹೊರಡಿಸಿದ ಕೋಚಿಂಗ್ ಮಾರ್ಗಸೂಚಿಲಿ ಉತ್ತರ ಇದೆ. ಪೂರ್ತಿ ಫೀ ಕಟ್ಟಿ ಮಧ್ಯದಲ್ಲಿ ಬಿಟ್ಟವರಿಗೆ ಉಳಿದ ಅವಧಿಯ ಹಣನ ಲೆಕ್ಕ ಹಾಕಿ ಹತ್ತು ದಿನದೊಳಗೆ ವಾಪಸ್ ಕೊಡ್ಬೇಕು ಅಂತ. ಇದು ರಾಜ್ಯಗಳು ಜಾರಿ ಮಾಡ್ಬೇಕಾದ ಮಾರ್ಗಸೂಚಿ, ಹಾಗಾಗಿ ಸೆಂಟರ್‌ನ ರೀಫಂಡ್ ಪಾಲಿಸಿ ಏನಿದೆ ಅಂತ ಸೈನ್ ಹಾಕೋಕೆ ಮುಂಚೆ ಓದ್ಕೊಳ್ಳಿ, "ಯಾವುದೇ ಕಾರಣಕ್ಕೂ ಫೀ ಹಿಂದಿರುಗಿಸಲಾಗುವುದಿಲ್ಲ" ಅಂತ ಫಾರ್ಮ್ ಹಿಂದುಗಡೆ ಸಣ್ಣ ಅಕ್ಷರದಲ್ಲಿ ಇದ್ರೆ ಆಗಲೇ ಪ್ರಶ್ನೆ ಮಾಡಿ. ಜಿಎಸ್‌ಟಿ ನಂಬರ್ ಇರೋ ರಸೀದಿ ಇಸ್ಕೊಳ್ಳಿ, ಕ್ಯಾಶ್ ಕೊಟ್ರೆ ಕಡಿಮೆ ಅಂದ್ರೆ ಒಪ್ಪಬೇಡಿ. ಹೇಳಿದ್ದು ಕೊಡ್ಲಿಲ್ಲ, ದುಡ್ಡೂ ವಾಪಸ್ ಕೊಡ್ತಿಲ್ಲ ಅಂತಾದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು, ಆಗ ಕೇಳೋದು ಆ ರಸೀದಿ ಮತ್ತೆ ವಾಟ್ಸಾಪ್ ಮೆಸೇಜನ್ನೇ.